ಹೊರಹೋಗುವ ಟಪಾಲಿನ ಕಡತಕ್ಕೂ ವಿಳಾಸವಿದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹವ್ಯಾಸಿಗಳ ಬುಲೆಟಿನ್ ಬೋರ್ಡ್ ಜಾಲಗಳನ್ನು, ಅಂದರೆ ಮನೆಯ ಕಂಪ್ಯೂಟರುಗಳು ಫೋನ್ ಮೂಲಕ ಪರಸ್ಪರ ಪತ್ರ ಸಾಗಿಸುತ್ತಿದ್ದ ಜಾಲಗಳನ್ನು, ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಫಿಡೋನೆಟ್ ಇನ್ನೂ ನಡೆಯುತ್ತಿದೆ ಎಂಬುದನ್ನು ಕನ್ನಡದ ಓದುಗರಿಗೆ ತಿಳಿಸಿದ್ದು ಒಳ್ಳೆಯದಾಯಿತು. ಆದರೆ ಅದರಲ್ಲಿ, ಹೊರಹೋಗುವ ಪತ್ರಗಳೆಲ್ಲ ಒಂದು ಫೋಲ್ಡರಿನಲ್ಲಿ ರಾಶಿ ಬಿದ್ದಿರುತ್ತವೆ ಎಂಬರ್ಥದ ಮಾತೊಂದಿದೆ. ಸೇವೆಯ ಬಹುಭಾಗವನ್ನು ಮೈಸೂರಿನಲ್ಲಿ ಅಂಚೆ ವಿಂಗಡಣೆಯಲ್ಲೇ ಕಳೆದು, ನಿವೃತ್ತಿಯ ನಂತರ ಮಂಡ್ಯದ ಮನೆಯಲ್ಲಿ ಹಳೆಯ ಕಂಪ್ಯೂಟರೊಂದರ ಮೇಲೆ ಇಂಥದೇ ಒಂದು ನೋಡ್ (ಜಾಲದ ಒಂದು ಕೇಂದ್ರ) ನಡೆಸುತ್ತಿರುವ ನನಗೆ ಆ ‘ರಾಶಿ’ ಎಂಬ ಪದ ಸ್ವಲ್ಪ ಚುಚ್ಚಿತು.

ಟಪಾಲು ಸಾಗಿಸುವ ಬಿಂಕ್ಲಿಟರ್ಮ್ ಎಂಬ ತಂತ್ರಾಂಶ ರೂಢಿಗೆ ತಂದ, ಇಂದು ಬಿಂಕ್‌ಡಿಯಂಥ ತಂತ್ರಾಂಶಗಳು ಅನುಸರಿಸುತ್ತಿರುವ ಪದ್ಧತಿಯಲ್ಲಿ ಕಡತದ ಹೆಸರೇ ವಿಳಾಸ. ಫಿಡೋನೆಟ್‌ನಲ್ಲಿ ವಲಯದೊಳಗೆ ನೆಟ್, ನೆಟ್‌ನೊಳಗೆ ನೋಡ್, ನೋಡಿನ ಕೆಳಗೆ ಪಾಯಿಂಟ್. ನೆಟ್ 600ರ 16ನೇ ನೋಡಿಗೆ ಹೋಗಬೇಕಾದ ಕಡತದ ಹೆಸರು 02580010 ಎಂದಿರುತ್ತದೆ. ಮೊದಲ ನಾಲ್ಕು ಅಂಕಿ ನೆಟ್, ಉಳಿದ ನಾಲ್ಕು ನೋಡ್, ಎರಡೂ ಹದಿನಾರರ ಎಣಿಕೆಯಾದ ಹೆಕ್ಸಾಡೆಸಿಮಲ್‌ನಲ್ಲಿ. ಹೀಗೇಕೆಂದರೆ, ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟೇ ಅಕ್ಷರ, ಚುಕ್ಕಿಯ ನಂತರದ ಬಾಲಕ್ಕೆ ಮೂರೇ ಅಕ್ಷರ. ದಶಮಾನದಲ್ಲಿ ಐದೈದು ಅಂಕಿಯವರೆಗೆ ಬೆಳೆಯಬಹುದಾದ ಎರಡು ಸಂಖ್ಯೆಗಳನ್ನು ಅಷ್ಟರೊಳಗೆ ತುರುಕಲು ಬೇರೆ ದಾರಿ ಇರಲಿಲ್ಲ. ಉದ್ದ ಹೆಸರಿಗೆ ಅವಕಾಶವಿದ್ದ ಅಮಿಗಾ ಕಂಪ್ಯೂಟರುಗಳಲ್ಲಿ ವಲಯ, ನೆಟ್, ನೋಡ್, ಪಾಯಿಂಟ್‌ಗಳನ್ನು ಮಾಮೂಲಿ ಅಂಕಿಗಳಲ್ಲೇ ಚುಕ್ಕಿಯಿಟ್ಟು ಬರೆಯುತ್ತಿದ್ದರು. ಓದಲು ಅದೇ ಸುಲಭ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮದರಲ್ಲಿ ಬೇರೆ ವಲಯಕ್ಕೆ ಬೇರೆ ಫೋಲ್ಡರ್. ಅದರ ಬಾಲದಲ್ಲಿ ವಲಯದ ಸಂಖ್ಯೆ, ಅದೂ ಹೆಕ್ಸಾಡೆಸಿಮಲ್‌ನಲ್ಲೇ. 21ನೇ ವಲಯದ ಫೋಲ್ಡರಿಗೆ 015 (ಒಂದು ಹದಿನಾರು, ಮೇಲೆ ಐದು) ಎಂದಿರುವುದನ್ನು ಕಂಡು ಇದು ಹದಿನೈದನೆಯ ವಲಯವಿರಬೇಕೆಂದು ಹೊಸಬರು ಮೋಸಹೋಗುವುದುಂಟು. ನಾನೂ ಹೋಗಿದ್ದೆ. ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿ 570ನ್ನೂ 571ನ್ನೂ ಬೇರೆ ಬೇರೆ ಗೂಡಿಗೆ ಎಸೆದು ಅಭ್ಯಾಸವಾದ ಕೈಗೂ ಇದು ಕೂಡಿಬರಲು ಕೆಲವು ದಿನ ಹಿಡಿಯಿತು.

ಹೆಸರಿನ ಬಾಲ ಹೇಳುವುದು ಅವಸರವನ್ನು. ‘ಔಟ್’ ಎಂದಿದ್ದರೆ ಸಾಮಾನ್ಯ ಟಪಾಲು, ‘ಕಟ್’ ಎಂದಿದ್ದರೆ ಆದಷ್ಟು ಬೇಗ ಹೋಗಬೇಕಾದದ್ದು, ‘ಹಟ್’ ಎಂದಿದ್ದರೆ ನಾವು ಕಳುಹಿಸದೆ ಆ ಕಡೆಯವರೇ ಕರೆ ಮಾಡಿ ಒಯ್ಯುವವರೆಗೆ ಕಾಯ್ದಿಡಬೇಕಾದದ್ದು. ಟ್ರಂಕ್ ಕರೆಯ ದರ ಗಂಟೆಗೊಂದು ಬಗೆಯಾಗಿದ್ದ, ನಮ್ಮಲ್ಲಿ ಎಸ್‌ಟಿಡಿಗೆ ಕಾಲು ದರ ಶುರುವಾಗುವ ರಾತ್ರಿಗಾಗಿ ಜನ ಕಾಯುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸ ನೇರವಾಗಿ ಬಿಲ್ಲಿನಲ್ಲಿ ಕಾಣುತ್ತಿತ್ತು.

ಇವು ಪತ್ರಗಳನ್ನೇ ತುಂಬಿಕೊಂಡ ಕಡತಗಳು. ದೊಡ್ಡ ಕಟ್ಟುಗಳಿಗೆ ‘ಫ್ಲೋ’ ಕಡತವಿದೆ. ಇದರಲ್ಲಿ ಪತ್ರವಿರುವುದಿಲ್ಲ, ಕಳುಹಿಸಬೇಕಾದ ಕಡತಗಳ ಪಟ್ಟಿ ಮಾತ್ರ, ಸಾಲಿಗೊಂದರಂತೆ. ಅಂಚೆ ಚೀಲಗಳ ಜೊತೆ ನಾವು ಕಳುಹಿಸುತ್ತಿದ್ದ ಮೇಲ್ ಲಿಸ್ಟ್ ಇದ್ದ ಹಾಗೆ. ಸಾಲಿನ ಮೊದಲಿಗೆ ^ ಚಿಹ್ನೆಯಿದ್ದರೆ, ಕಳುಹಿಸಿದ ಮೇಲೆ ಆ ಕಡತವನ್ನು ಅಳಿಸಬೇಕು. # ಇದ್ದರೆ ಅಳಿಸದೆ, ಒಳಗಿನದನ್ನು ಖಾಲಿ ಮಾಡಿ ಸೊನ್ನೆ ಬೈಟಿಗೆ ಇಳಿಸಬೇಕು. ಖಾಲಿ ಕಡತವನ್ನು ಇಟ್ಟುಕೊಂಡು ಏನು ಪ್ರಯೋಜನ ಎಂದು ನನಗೂ ಮೊದಲು ಅನ್ನಿಸಿತ್ತು. ಸೋಮವಾರದ ಮೊದಲ ಕಟ್ಟಿನ ಬಾಲ ‘ಎಂಒ0’, ಮುಂದಿನದು ‘ಎಂಒ1’. ಮೊದಲನೆಯದನ್ನು ಅಳಿಸಿಬಿಟ್ಟರೆ ಅದೇ ದಿನದ ಇನ್ನೊಂದು ಕಟ್ಟಿಗೂ ‘ಎಂಒ0’ ಎಂದೇ ಹೆಸರು ಬಿದ್ದು, ಆ ಕಡೆ ಇನ್ನೂ ಬಿಚ್ಚದೆ ಉಳಿದಿರುವ ಕಟ್ಟಿನೊಂದಿಗೆ ಡಿಕ್ಕಿಯಾಗಬಹುದು. ಖಾಲಿ ಕಡತ ಆ ಸಂಖ್ಯೆಯನ್ನು ಹಿಡಿದಿಟ್ಟಿರುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನಲ್ಲಿಂದ ಬೇರೊಂದು ನೋಡಿಗೆ ಹೋಗಬೇಕಿದ್ದ ಪತ್ರಗಳು ಮೂರು ದಿನ ಮಿಸುಕಾಡಲಿಲ್ಲ. ಇಂಟರ್‌ನೆಟ್ ಸರಿಯಿತ್ತು, ಪಾಸ್‌ವರ್ಡ್ ಸರಿಯಿತ್ತು, ಆ ಕಡೆಯವರು ತಾವೇ ಸಂಪರ್ಕಿಸಿದರೂ ನನ್ನ ಯಂತ್ರ ಬಿಡುವಿಲ್ಲವೆಂದೇ ಉತ್ತರಿಸುತ್ತಿತ್ತು. ಕೊನೆಗೆ ಫೋಲ್ಡರ್ ತೆರೆದರೆ, ಆ ನೋಡಿನ ಎಂಟಂಕಿಯ ಹೆಸರಿಗೆ ‘ಬಿಎಸ್‌ವೈ’ (‘ಬಿಜಿ’ ಎಂಬುದರ ಸಂಕ್ಷೇಪ) ಎಂಬ ಬಾಲವಿದ್ದ ಕಡತವೊಂದು ಸುಮ್ಮನೆ ಕುಳಿತಿತ್ತು. ಒಂದು ಪ್ರೋಗ್ರಾಮ್ ಆ ವಿಳಾಸದ ಟಪಾಲನ್ನು ಮುಟ್ಟಿರುವಾಗ ಇನ್ನೊಂದು ಕೈಹಾಕದಿರಲೆಂದು ಇಡುವ ಗುರುತು ಅದು; ಕೆಲಸ ಮುಗಿದೊಡನೆ ತಾನೇ ಅಳಿಸಿಹೋಗಬೇಕು. ಕೆಲಸದ ನಡುವೆ ಕರೆಂಟ್ ಹೋಗಿದ್ದರಿಂದ ಅಳಿಸುವವರು ಇಲ್ಲವಾಗಿದ್ದರು. ಕಡತದ ಮೇಲಿದ್ದ ತಾರೀಕು, ಗಂಟೆ ಎರಡೂ ಅಂದು ಮನೆಯ ದೀಪ ಆರಿದ ಹೊತ್ತಿಗೆ ಸರಿಹೊಂದಿದವು. ಅದನ್ನು ಅಳಿಸಿದ್ದೇ ತಡ, ಪತ್ರಗಳು ಹೊರಟವು. ಹಳೆಯ ಬಿಎಸ್‌ವೈ ಕಡತಗಳನ್ನು ತಾನಾಗಿ ತೆಗೆದುಹಾಕುವ ಸೂಚನೆಯೊಂದು ಬಿಂಕ್‌ಡಿಯಲ್ಲೇ ಇದೆ; ಅದನ್ನು ಬರೆಯದೆ ಬಿಟ್ಟಿದ್ದು ನನ್ನದೇ ತಪ್ಪು. ಈಗ ಹನ್ನೆರಡು ಗಂಟೆಯ ಗಡುವು ಹಾಕಿದ್ದೇನೆ.

ಎಲ್ಲಿ ಏನು ಸಿಕ್ಕಿಕೊಂಡಿದೆ ಎಂಬುದನ್ನು ಬೇರೆ ಯಾವ ಉಪಕರಣವೂ ಇಲ್ಲದೆ ಕಡತಗಳ ಹೆಸರು ನೋಡಿಯೇ ಪತ್ತೆಹಚ್ಚಬಹುದಾದ ಈ ವ್ಯವಸ್ಥೆಯನ್ನು ರಾಶಿ ಎನ್ನುವುದು ಅನ್ಯಾಯ. ಲೇಖನಮಾಲೆಯ ಮುಂದಿನ ಕಂತಿನಲ್ಲಿ ಆ ವಾಕ್ಯವನ್ನು ತಿದ್ದಿಕೊಳ್ಳಬೇಕೆಂದು ಲೇಖಕರಲ್ಲಿ ತಮ್ಮ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರ, ಮಂಡ್ಯ