ಹೊಸ ಪ್ಲಾಸ್ಟಿಕ್ ಮಾಡುವ ಮೊದಲು ಒಂದು ಮಳೆಗಾಲ ಮೆಷಿನ್ ಮುಂದೆ ನಿಲ್ಲು

ಪ್ರೀತಿಯ ಪುಟ್ಟಿಗೆ,

ನಿನ್ನ ಅಮ್ಮ ಫೋನ್ ಮಾಡಿದ್ದಳು. ಬೈಕಂಪಾಡಿಯ ಮೋಲ್ಡಿಂಗ್ ಕಂಪನಿಯವರು ಕೆಲಸ ಕೊಡುತ್ತೇವೆ ಅಂದಿದ್ದಾರಂತೆ, ನೀನು ಬೇಡ ಅನ್ನುತ್ತಿದ್ದೀಯಂತೆ. ಬಕೆಟ್, ಕ್ರೇಟ್ ಒತ್ತಲಿಕ್ಕೆ ನಾನು ಎಂ.ಟೆಕ್ ಮಾಡಿದ್ದಾ ಅಂತ ಕೇಳಿದೆಯಂತೆ. ಮಣ್ಣಲ್ಲಿ ಕೊಳೆಯುವ ಹೊಸ ಪ್ಲಾಸ್ಟಿಕ್ ಮಾಡಿ ಪೇಟೆಂಟ್ ತೆಗೆಯಬೇಕು ಅನ್ನುವುದು ನಿನ್ನ ಆಸೆ. ಒಳ್ಳೆಯ ಆಸೆಯೇ ಮಾರಾಯ್ತಿ, ಬಿಡು ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಆ ಕೆಲಸಕ್ಕೆ ಸೇರು, ಒಂದೆರಡು ವರ್ಷ ಮೆಷಿನ್ ಮುಂದೆ ನಿಲ್ಲು, ಆಮೇಲೆ ಪಿಎಚ್‌ಡಿಗೆ ಹೋಗು. ಎದುರು ಕೂತು ಹೇಳಿದರೆ ಅರ್ಧದಲ್ಲೇ ವಾದಕ್ಕೆ ಇಳಿಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಪಿವಿಸಿ ಕಥೆಯನ್ನು ಕಾಲೇಜಿನಲ್ಲಿ ಎರಡು ಸಾಲಲ್ಲಿ ಮುಗಿಸಿರುತ್ತಾರೆ. ಬಿಸಿಲಿಗೆ ಇಟ್ಟ ವಿನೈಲ್ ಕ್ಲೋರೈಡ್ ಬಿಳಿ ಗಟ್ಟಿ ವಸ್ತು, ಅಂದರೆ ಪಿವಿಸಿ, ಆಗುವುದನ್ನು 1872ರಲ್ಲೇ ಜರ್ಮನಿಯ ಬೌಮನ್ ನೋಡಿ ಬರೆದಿಟ್ಟಿದ್ದ. 1913ರ ಹೊತ್ತಿಗೆ ಫ್ರಿಟ್ಜ್ ಕ್ಲಾಟೆ ಪೇಟೆಂಟ್ ಕೂಡ ತೆಗೆದ. ಆಮೇಲೆ ಎಂತ ಆಯಿತು? ಎಂತದೂ ಇಲ್ಲ. ಬಿಸಿ ಮಾಡಿದರೆ ಸರಿಯಾಗಿ ಕರಗುವ ಮೊದಲೇ ಅದು ಹಾಳಾಗಲು ಶುರುವಾಗುತ್ತದೆ, ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಅದನ್ನು ಅಚ್ಚಿಗೆ ತುಂಬುವ ದಾರಿಯೇ ಯಾರಿಗೂ ಸಿಗಲಿಲ್ಲ. ಕಡೆಗೆ 1925ರಲ್ಲಿ ಕ್ಲಾಟೆಯ ಕಂಪನಿ ಆ ಪೇಟೆಂಟನ್ನೇ ಕೈಬಿಟ್ಟಿತು. ಮರುವರ್ಷ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೊ ಸೆಮನ್ ಅನ್ನುವವನು ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದ. ಬೇಗ ಆವಿಯಾಗದ ಒಂದು ದ್ರಾವಕದಲ್ಲಿ ಪಿವಿಸಿಯನ್ನು ಹಾಕಿ ಕಾಯಿಸಿದ. ತಣ್ಣಗಾದ ಮೇಲೆ ನೋಡಿದರೆ ಬಗ್ಗುವ, ಪುಟಿಯುವ ವಸ್ತು. ಗೋಂದು ಮಾತ್ರ ಆಗಲಿಲ್ಲ! ಇವತ್ತು ನಿಮ್ಮ ಮನೆಯ ವೈರಿನ ಹೊದಿಕೆ, ಆಸ್ಪತ್ರೆಯ ರಕ್ತದ ಚೀಲ, ಸೀಟಿನ ರೆಕ್ಸಿನ್ ಎಲ್ಲ ಅದೇ ಮೆತು ಪಿವಿಸಿ. ಅಣುವಿನಲ್ಲಿ ಹೊಸದೇನೂ ಇರಲಿಲ್ಲ, ನೋಡು. ಅದನ್ನು ಪಳಗಿಸುವ ಉಪಾಯ ಸಿಗುವವರೆಗೆ ಐವತ್ತು ಚಿಲ್ಲರೆ ವರ್ಷ ಅದು ಸುಮ್ನೆ ಬಿದ್ದುಕೊಂಡಿತ್ತು.

ಮೆಷಿನ್ ಕಂಡುಹಿಡಿದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಇದು ನನಗೆ ಸ್ವಲ್ಪ ಸಿಟ್ಟಿನ ವಿಷಯ. ನೈಲಾನ್ ಅಂದರೆ ಕ್ಯಾರೊಥರ್ಸ್, ಬೇಕಲೈಟ್ ಅಂದರೆ ಬೇಕ್‌ಲ್ಯಾಂಡ್ ಅಂತ ಪಟಪಟ ಹೇಳುತ್ತೀರಿ. ಕರಗಿದ ಪ್ಲಾಸ್ಟಿಕನ್ನು ಅಚ್ಚಿಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್ ಯಾರದ್ದು? ಸೆಲ್ಯುಲಾಯ್ಡ್ ಮಾಡಿದ ಜಾನ್ ವೆಸ್ಲಿ ಹಯಾಟ್ ತನ್ನ ಸಹೋದರನ ಜೊತೆ ಸೇರಿ 1872ರಲ್ಲೇ ಅದರ ಮೊದಲ ಪೇಟೆಂಟ್ ತೆಗೆದರು. ಅದು ಪಿಚಕಾರಿ ತರಹದ ಪ್ಲಂಜರ್ ಮೆಷಿನ್. ಅಂಥದ್ದರಲ್ಲಿ ಬಿಸಿ ಗೋಡೆಗೆ ತಾಗಿದ ಮಾಲು ಸುಡುತ್ತದೆ, ನಡುವಿನದ್ದು ಅರೆಬೆಂದು ಉಳಿಯುತ್ತದೆ, ಏಕೆಂದರೆ ಪ್ಲಾಸ್ಟಿಕ್ ಶಾಖವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. 1950ರ ದಶಕದಲ್ಲಿ ವಿಲಿಯಂ ವಿಲ್ಲರ್ಟ್ ಹಿಂದೆ ಮುಂದೆ ಸರಿಯುವ ಸ್ಕ್ರೂ ತಂದ ಮೇಲೆ ಈ ತೊಂದರೆ ಹೋಯಿತು. ಸ್ಕ್ರೂ ತಿರುಗುವಾಗ ಮಾಲು ತಿಕ್ಕಾಡಿ ತಾನೇ ಬಿಸಿಯಾಗಿ ಕರಗುತ್ತದೆ. ಮೆಷಿನ್ ಒಮ್ಮೆ ಓಟಕ್ಕೆ ಬಿದ್ದ ಮೇಲೆ ಜಾಸ್ತಿ ಶಾಖ ಬರುವುದು ಹೀಟರಿನಿಂದ ಅಲ್ಲ, ಆ ತಿಕ್ಕಾಟದಿಂದ. ಈಗ ಬೈಕಂಪಾಡಿಯ ಯಾವ ಶೆಡ್ಡಿಗೆ ಹೊಕ್ಕರೂ ನೀನು ನೋಡುವುದು ಆ ಸ್ಕ್ರೂವನ್ನೇ.

ಅಲ್ಲಿ ಎಂತ ಕಲಿಯುವುದು ಅಂತ ಕೇಳುತ್ತೀಯ ಅಲ್ವಾ. ಮಳೆಗಾಲದಲ್ಲಿ ಸೇರು, ಗೊತ್ತಾಗುತ್ತದೆ. ಜೂನ್ ಹೊಕ್ಕಿತು ಅಂದರೆ ನಮ್ಮ ಊರಲ್ಲಿ ಗಾಳಿಯೇ ಒದ್ದೆ. ನೈಲಾನ್ ದಾಣೆ, ಅಂದರೆ ಕಾಳಿನಂಥ ಕಚ್ಚಾ ಮಾಲು, ಆ ತೇವವನ್ನು ಕುಡಿಯುತ್ತದೆ, ಪಾಲಿಕಾರ್ಬೊನೇಟ್ ಕುಡಿಯುತ್ತದೆ, ಬಾಟಲಿ ಮಾಡುವ ಪೆಟ್ ಅಂತೂ ಕೇಳಲೇಬೇಡ. ಹಾಗೇ ಮೆಷಿನ್ನಿನ ಬಾಯಿಗೆ, ಅಂದರೆ ಹಾಪರಿಗೆ, ಸುರಿದರೆ ಪೀಸಿನ ಮೇಲೆಲ್ಲ ಬೆಳ್ಳಿ ಗೆರೆ ಏಳುತ್ತದೆ. ಗೆರೆ ಕಣ್ಣಿಗಾದರೂ ಕಾಣುತ್ತದೆ, ಕಾಣದ ಪೆಟ್ಟು ಅದಕ್ಕಿಂತ ಕೆಟ್ಟದ್ದು: ಪೆಟ್ ಕರಗಿದ ಹೊತ್ತಿನಲ್ಲಿ ನೀರಿನಂಶ ಇದ್ದರೆ ಉದ್ದದ ಸರಪಳಿ ತುಂಡು ತುಂಡಾಗಿ ಬಾಟಲಿ ನೋಡಲಿಕ್ಕೆ ಚೆಂದ ಇದ್ದರೂ ಬಿದ್ದರೆ ಒಡೆಯುತ್ತದೆ. ಅದಕ್ಕೇ ಪೆಟ್ ದಾಣೆಯನ್ನು 160 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಒಣಗಿಸಿ ತೇವವನ್ನು 50 ಪಿಪಿಎಮ್‌ಗಿಂತ (ಹತ್ತು ಲಕ್ಷಕ್ಕೆ 50 ಪಾಲು) ಕೆಳಗೆ ಇಳಿಸುತ್ತಾರೆ. ಪಾಲಿಪ್ರೊಪಿಲೀನ್‌ಗೆ ಈ ರಗಳೆ ಇಲ್ಲ, ಅದು ನೀರನ್ನು ಹೀರುವುದಿಲ್ಲ. ಆದರೆ ಅದಕ್ಕೆ ಬೇರೆ ಲೆಕ್ಕ ಉಂಟು, ಎಂಎಫ್ಐ, ಅಂದರೆ ಕರಗಿದ ಮಾಲು ಎಷ್ಟು ಸರಾಗ ಹರಿಯುತ್ತದೆ ಅನ್ನುವ ಅಳತೆ. ಹಗ್ಗ, ಚೀಲ ಮಾಡುವ ರಾಫಿಯಾ ಗ್ರೇಡಿನ ಎಂಎಫ್ಐ 3ರ ಸುಮಾರು, ಇಂಜೆಕ್ಷನ್ ಗ್ರೇಡಿನದ್ದು 11ರ ಸುಮಾರು. ನೋಡಲು ಎರಡೂ ಒಂದೇ ಬಿಳಿ ದಾಣೆ. ಆದರೆ ಒಂದು ಇಡ್ಲಿ ಹಿಟ್ಟು, ಇನ್ನೊಂದು ನೀರ್ದೋಸೆ ಹಿಟ್ಟು. ತೆಳು ಗೋಡೆಯ ಡಬ್ಬಿಯ ಅಚ್ಚಿಗೆ ರಾಫಿಯಾ ಹಾಕಿದರೆ ಮೂಲೆ ತುಂಬುವುದೇ ಇಲ್ಲ, ಶಾರ್ಟ್ ಶಾಟ್.

ಈಗ ನಿನ್ನ ಕೊಳೆಯುವ ಪ್ಲಾಸ್ಟಿಕ್‌ಗೆ ಬರೋಣ. ನೀನು ಹೇಳುತ್ತಿರುವುದು ಪಿಎಲ್ಎ, ಅಂದರೆ ಪಾಲಿಲ್ಯಾಕ್ಟಿಕ್ ಆಸಿಡ್, ಅದರ ಮಿಶ್ರಣ ಅಂತ ನಿನ್ನ ಅಮ್ಮ ಹೇಳಿದಳು, ಅವಳಿಗೆ ಸರಿಯಾಗಿ ಕೇಳಿಸಿದ್ದರೆ. ಅದೂ ಹೊಸತಲ್ಲ, 1930ರ ದಶಕದಲ್ಲೇ ಕ್ಯಾರೊಥರ್ಸ್ ಅದರ ಮೇಲೆ ಕೆಲಸ ಮಾಡಿದ್ದ. ಅದೂ ಪೆಟ್ ಹಾಗೆಯೇ, ಕರಗಿದಾಗ ತೇವ ತಡೆಯುವುದಿಲ್ಲ. ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಅಂದರೆ ಬಿಸಿ ಚಾ ಹೊಯ್ದರೆ ಮುಗಿಯಿತು. ಕೊಳೆಯಬೇಕಾದರೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಇರುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು, ನಮ್ಮ ಹಿತ್ತಲಿನ ಗೊಬ್ಬರ ಗುಂಡಿ ಸಾಲದು. ಇದನ್ನೆಲ್ಲ ಸರಿ ಮಾಡುವುದೇ ಸಂಶೋಧನೆ, ಒಪ್ಪಿದೆ. ಆದರೆ ನೀನು ಮಾಡುವ ಮಿಶ್ರಣ ಯಾವ ತಾಪದಲ್ಲಿ ಹರಿಯುತ್ತದೆ, ಸ್ಕ್ರೂ ತಿರುಗುವ ಬ್ಯಾರಲ್‌ನಲ್ಲಿ ಐದು ನಿಮಿಷ ಜಾಸ್ತಿ ನಿಂತರೆ ಕಂದು ಆಗುತ್ತದಾ, ಅಚ್ಚಿನಿಂದ ಬಿಡುತ್ತದಾ, ಇದಕ್ಕೆ ಉತ್ತರ ಲ್ಯಾಬಿನ ಬೀಕರಿನಲ್ಲಿ ಸಿಗುವುದಿಲ್ಲ.

ಹೊಸ ಅಣುವೇ ಬೇಕು ಅಂತಿಲ್ಲ, ಕೆಲಸ ಬೇಕಾದಷ್ಟು ಬಿದ್ದಿದೆ. ಮಲ್ಪೆ ಬಂದರಿನಲ್ಲಿ ರಾಶಿ ಹಾಕಿದ ಹಳೇ ಬಲೆ ನೋಡಿದ್ದೀಯಲ್ಲ. ಬಲೆಯ ನೂಲು ನೈಲಾನ್ ಆಗಿದ್ದರೆ ಸಮುದ್ರದ ನೀರಲ್ಲಿ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಸಾಂದ್ರತೆ 1.14 ಮತ್ತು 0.9, ಅಷ್ಟೇ ವ್ಯತ್ಯಾಸ. ನೈಲಾನ್ 6 ಅನ್ನು ಒಡೆದು ವಾಪಸ್ ಅದರ ಮೂಲವಸ್ತು ಕ್ಯಾಪ್ರೊಲ್ಯಾಕ್ಟಮ್ ಮಾಡಬಹುದು ಅನ್ನುವುದೂ ಗೊತ್ತಿರುವ ವಿದ್ಯೆಯೇ. ಆದರೆ ಬಲೆ, ಹಗ್ಗ, ಬೆಂಡು, ಸೀಸದ ಗುಂಡು, ಮೀನಿನ ಲೋಳೆ, ಉಪ್ಪು ಎಲ್ಲ ಗಂಟು ಬಿದ್ದ ಆ ಮುದ್ದೆಯನ್ನು ಅಗ್ಗದಲ್ಲಿ ಬಿಡಿಸುವ ಮೆಷಿನ್ ಮಾಡಿದರೆ ಅದಕ್ಕೆ ಸಿಗುವ ಪೇಟೆಂಟ್ ಏನು ಕಡಿಮೆಯದಾ?

ಪೇಟೆಂಟ್ ಅಂದದ್ದಕ್ಕೆ ಒಂದು ಮಾತು. ಅಮೆರಿಕದ ಫಿಲಿಪ್ಸ್ ಕಂಪನಿಯ ಹೋಗನ್ ಮತ್ತು ಬ್ಯಾಂಕ್ಸ್ 1951ರಲ್ಲಿ ಪೆಟ್ರೋಲಿಗೆ ಬೇಕಾದ ವಸ್ತು ಮಾಡಲು ಹೋಗಿ ಪಾಲಿಪ್ರೊಪಿಲೀನ್ ಕಂಡರು. ಇಟಲಿಯ ನಟ್ಟಾ 1954ರಲ್ಲಿ ಅದನ್ನೇ ಬೇರೆ ದಾರಿಯಲ್ಲಿ ಮಾಡಿದ. 1963ರಲ್ಲಿ ನೊಬೆಲ್ ಸಿಕ್ಕಿದ್ದು ಜರ್ಮನಿಯ ಝೀಗ್ಲರ್‌ಗೂ ನಟ್ಟಾನಿಗೂ. ಅಮೆರಿಕದಲ್ಲಿ ಪೇಟೆಂಟ್ ಯಾರದ್ದು ಅನ್ನುವ ಜಗಳ ಮಾತ್ರ ವರ್ಷಗಟ್ಟಲೆ ನಡೆದು 1983ರಲ್ಲಿ ಅದು ಹೋಗನ್–ಬ್ಯಾಂಕ್ಸ್ ಜೋಡಿಗೆ ಸಿಕ್ಕಿತು. ಅಂಥ ಜಗಳದಲ್ಲಿ ಯಾವ ದಿನ ಏನು ಮಾಡಿದೆ ಅನ್ನುವ ಪುಸ್ತಕ ಬೇಕಾಗುತ್ತದೆ. ನಮ್ಮಲ್ಲಿ ಮೊದಲು ಅರ್ಜಿ ಹಾಕಿದವರಿಗೆ ಹಕ್ಕು, ಆದರೂ ನೋಟ್‌ಬುಕ್ ಬರೆ, ಪುಟಕ್ಕೆ ತಾರೀಕು ಹಾಕು. ಇನ್ನೊಂದು, ಹುರುಪಿನಲ್ಲಿ ಎಲ್ಲ ಕಡೆ ಪೋಸ್ಟ್ ಹಾಕಬೇಡ. ಮೊದಲು ಪ್ರಾವಿಷನಲ್, ಅಂದರೆ ತಾತ್ಕಾಲಿಕ, ಅರ್ಜಿ, ಆಮೇಲೆ 12 ತಿಂಗಳೊಳಗೆ ಪೂರ್ತಿ ಅರ್ಜಿ. ಬಹಿರಂಗ ಮಾಡಿದ ಮೇಲೆ ಹೋದರೆ ಇದು ಹೊಸತಲ್ಲ ಅಂತ ತಳ್ಳಿಹಾಕುವ ಸಾಧ್ಯತೆಯೇ ಜಾಸ್ತಿ.

ಸೋಮವಾರ ಅವರ ಹತ್ತಿರ ಮಾತಾಡುವಾಗ ಸಂಬಳದ ಜೊತೆ ಇದನ್ನೂ ಕೇಳು: ಆಫೀಸಿನಲ್ಲಿ ಕೂರಿಸುತ್ತೀರಾ, ಶಾಪ್‌ಫ್ಲೋರಿಗೆ ಬಿಡುತ್ತೀರಾ. ಆಫೀಸು ಅಂದರೆ ಬೇಡ, ಬೇರೆ ನೋಡೋಣ. ಅಲ್ಲಿ ಹಳೇ ಆಪರೇಟರ್ ಯಾರಾದರೂ ಇದ್ದೇ ಇರುತ್ತಾರೆ, ಮೊದಲ ತಿಂಗಳು ಅವರ ಜೊತೆ ಪರ್ಜಿಂಗ್, ಅಂದರೆ ಬ್ಯಾರಲ್‌ನಲ್ಲಿ ಉಳಿದ ಹಳೇ ಮಾಲನ್ನು ಹೊರಹಾಕುವ ಕೆಲಸ, ಮಾಡು, ಡೈ ಬದಲಾಯಿಸುವಾಗ ಕೈ ಹಾಕು, ಕೂದಲು ಬಿಗಿಯಾಗಿ ಕಟ್ಟಿಕೊಂಡು ಹೋಗು. ಬಾಂಡ್ ಏನಾದರೂ ಕೇಳಿದರೆ ಸೈನ್ ಹಾಕುವ ಮೊದಲು ನನಗೆ ಒಂದು ಫೋನ್ ಮಾಡು.

ಇತಿ,
ನಿನ್ನ ಸೋದರಮಾವ
ಸುರತ್ಕಲ್