ಹಿಡಿದ ಭುಜ ಬಿಡಿಸಲು ಜೊತೆಯಾದವರಿಗೆ ನಮಸ್ಕಾರ

ಕುತ್ತಿಗೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹಿಡಿದುಕೊಂಡ ಭುಜ ಬಿಡಿಸುವ ಚಿಕಿತ್ಸೆಯನ್ನು ಹಾಸನದಲ್ಲಿ ನಮ್ಮ ತಂಡ ಶುರು ಮಾಡಿ ಈ ತಿಂಗಳಿಗೆ ವರ್ಷ ತುಂಬಿತು. ಇದಕ್ಕೆ ಹೆಗಲು ಕೊಟ್ಟವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

ಮೊದಲು ಅರಿವಳಿಕೆ ವೈದ್ಯರಿಗೆ. ಫ್ರೋಜನ್ ಶೋಲ್ಡರ್‌ನಲ್ಲಿ, ಅಂದರೆ ಈ ಭುಜ ಹಿಡಿಯುವ ಕಾಯಿಲೆಯಲ್ಲಿ, ಕೀಲನ್ನು ಸುತ್ತಿಕೊಂಡ ಚೀಲ ದಪ್ಪಗಾಗಿ ಕುಗ್ಗಿರುತ್ತದೆ. ರೋಗಿ ಎತ್ತಿದರೂ ಅಷ್ಟೇ, ನಾವು ಎತ್ತಿದರೂ ಅಷ್ಟೇ, ಕೈ ಮೇಲೇಳದು. ಚೀಲ ಬಿಡಿಸುವಾಗ ನೋವಿರಬಾರದು, ಸ್ನಾಯು ಬಿಗಿ ಹಿಡಿಯಬಾರದು. ಅಲ್ಟ್ರಾಸೌಂಡ್ ಪರದೆಯಲ್ಲಿ ಕುತ್ತಿಗೆಯ ಎರಡು ಸ್ನಾಯುಗಳ ನಡುವೆ ಕರಿಮಣಿ ಒಂದರ ಮೇಲೊಂದು ಇಟ್ಟಂತೆ ಕಾಣುವ, ಭುಜಕ್ಕೆ ಹೋಗುವ ಸಿ5, ಸಿ6 ನರಬೇರುಗಳನ್ನು ಹುಡುಕಿ, ಮರಗಟ್ಟಿಸುವ ಮದ್ದಾದ 1% ಲಿಗ್ನೊಕೇನ್ 10ರಿಂದ 15 ಎಂ.ಎಲ್. ಅವುಗಳ ಸುತ್ತ ಹರಡುವವರೆಗೂ ಸೂಜಿಯ ತುದಿಯಿಂದ ಕಣ್ಣು ತೆಗೆಯದವರು ಇವರು. ಮದ್ದು ಪಕ್ಕದಲ್ಲಿರುವ, ಉಸಿರಾಟದ ಸ್ನಾಯುವಾದ ವಪೆಯ ನರಕ್ಕೂ ತಾಗಿ ಕೆಲ ಹೊತ್ತು ಉಸಿರು ಕಿರಿದಾದಂತೆ ಅನಿಸಬಹುದು, ದನಿ ಒಡೆಯಬಹುದು, ರೆಪ್ಪೆ ಜೋಲಬಹುದು ಎಂದು ಮೊದಲೇ ಹೇಳುವವರೂ ಇವರೇ. ಶ್ವಾಸಕೋಶದ ಕಾಯಿಲೆ ಜೋರಾಗಿದ್ದವರನ್ನು ಮುಲಾಜಿಲ್ಲದೆ ವಾಪಸ್ ಕಳಿಸಿದ್ದಾರೆ. ಸರಿಯಾದದ್ದೇ.

ಹೆಗಲ ಹಲಗೆಯನ್ನು ಅಂಗೈಯಿಂದ ಒತ್ತಿ ಹಿಡಿದ ಸಿಸ್ಟರ್‌ಗಳಿಗೆ. ಅದು ಜಾರಿದರೆ ಕೈ ಮೇಲೆ ಬಂದಂತೆ ಕಾಣುತ್ತದೆ, ಕೀಲು ಮಾತ್ರ ಇದ್ದಲ್ಲೇ ಇರುತ್ತದೆ. ಮದ್ದು ಹತ್ತಲು 15–20 ನಿಮಿಷ ಕಾಯಬೇಕು. ಅವಸರ ಮಾಡಿದರೆ ರೋಗಿ ಬಿಗಿ ಹಿಡಿದು, ಹಾಕಿದ ಬಲವೆಲ್ಲ ಮೂಳೆಯ ಮೇಲೆ ಬೀಳುತ್ತದೆ. ತೋಳನ್ನು ಕಂಕುಳಿಗೆ ಹತ್ತಿರ ಹಿಡಿದು, ಮೊದಲು ಮುಂದಕ್ಕೆ ಎತ್ತಿ, ಆಮೇಲೆ ಪಕ್ಕಕ್ಕೆ ತಂದು, ತಿರುಗಿಸುವುದನ್ನು ಕೊನೆಗೆ ಉಳಿಸಿಕೊಳ್ಳುತ್ತೇವೆ. ಮುಂಗೈ ಹಿಡಿದು ತಿರುಚಿದರೆ ತೋಳಿನ ಮೂಳೆಯೇ ಮುರಿದೀತು; ಮೂಳೆ ಸವೆದವರಲ್ಲಿ ಆ ಭಯ ಇನ್ನೂ ಹೆಚ್ಚು. ಚೀಲ ಬಿಡುವಾಗ ಹಳೇ ಸೀರೆ ಹರಿದಂತೆ ಸದ್ದು. ಎಚ್ಚರವಾಗಿಯೇ ಮಲಗಿದ ರೋಗಿಗೆ ಅದು ಕೇಳಿಸುತ್ತದೆ. ಆಗ ಕೈ ಹಿಡಿದುಕೊಂಡು "ಏನಾಗಲ್ಲ ಅಮ್ಮ, ಬಿಡ್ತಾ ಇದೆ" ಎಂದು ಮಾತಾಡಿಸುತ್ತಿದ್ದವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಸಕ್ಕರೆ ಕಾಯಿಲೆ ಇರುವವರ ಮನೆಯವರಿಗೆ. ಅವರಲ್ಲಿ ಭುಜ ಹಿಡಿಯುವುದೂ ಹೆಚ್ಚು, ಬಿಡಿಸಿದ ಮೇಲೆ ಮತ್ತೆ ಬಿಗಿಯುವುದೂ ಹೆಚ್ಚು. ಕೀಲಿಗೆ ಕೊಡುವ 40 ಮಿ.ಗ್ರಾಂ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೆಲ ದಿನ ಸಕ್ಕರೆ ಏರಿಸುತ್ತದೆ. ಬೆಳಗ್ಗೆ ಸಂಜೆ ಬೆರಳು ಚುಚ್ಚಿ ನೋಡಿ, ಬರೆದಿಟ್ಟ ಚೀಟಿಯನ್ನು ತಪ್ಪದೆ ತಂದಿದ್ದೀರಿ.

ಎಲ್ಲರಿಗಿಂತ ಹೆಚ್ಚಿನ ಋಣ ಮನೆಯಲ್ಲಿ ವ್ಯಾಯಾಮ ಮಾಡಿದವರದು. ಮೇಜಿನ ಮೇಲೆ ಆಗುವುದು ಕೆಲವೇ ನಿಮಿಷದ ಕೆಲಸ. ಆಮೇಲೆ ಕೈಯನ್ನು ಸುಮ್ಮನೆ ಜೋಲಿಯಲ್ಲಿ ಇಟ್ಟುಕೊಂಡರೆ ಹರಿದ ಚೀಲ ಮತ್ತೆ ಅಂಟುತ್ತದೆ. ಮರಗಟ್ಟಿದ್ದು ಬಿಡುವವರೆಗೆ ಮಾತ್ರ ಜೋಲಿ, ಅಲ್ಲಿಯವರೆಗೆ ಬಿಸಿ ಶಾಖವೂ ಬೇಡ, ಒಲೆಯ ಹತ್ತಿರ ಹೋಗುವುದೂ ಬೇಡ, ಚರ್ಮ ಸುಟ್ಟರೂ ಗೊತ್ತಾಗದು. ಮಾರನೇ ದಿನದಿಂದ ದಿನಕ್ಕೆ ನಾಲ್ಕೈದು ಸಲ, ಹತ್ತು ಹತ್ತು ನಿಮಿಷ: ಬಗ್ಗಿ ನಿಂತು ಕೈ ತೂಗುವುದು, ಗೋಡೆ ಮೇಲೆ ಬೆರಳು ಹತ್ತಿಸುವುದು, ಕೋಲು ಹಿಡಿದು ಕೈಯನ್ನು ಹೊರಕ್ಕೆ ತಳ್ಳುವುದು. ಕೊನೆಯದೇ ಕಷ್ಟ, ಬಿಟ್ಟುಬಿಡುವುದೂ ಅದನ್ನೇ. ನೋವು ತಿನ್ನುತ್ತಾ ಆರು ವಾರ ಅದನ್ನು ಬಿಡದೆ ಮಾಡಿದ್ದೀರಿ. ಬೇಲೂರು ಕಡೆಯ ಮನೆಯೊಂದರಲ್ಲಿ ಮೊಮ್ಮಗಳು ಗೋಡೆಯ ಮೇಲೆ ಅಜ್ಜಿಯ ಬೆರಳು ಮುಟ್ಟಿದಲ್ಲೆಲ್ಲ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆದಿದ್ದಳು. ಆ ಫೋಟೋ ಈಗ ನಮ್ಮ ವ್ಯಾಯಾಮದ ಕೋಣೆಯಲ್ಲಿದೆ. ಪುಟ್ಟಿ, ನಿನಗೂ ಥ್ಯಾಂಕ್ಸ್.

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಆಳುಗಳ ಲೆಕ್ಕ ನೋಡುವ ರೈಟರುಗಳಿಗೆ. ಕೊಯ್ಲಿನ ಕಾಲದಲ್ಲಿ ಆಳು ಸಿಗುವುದೇ ಕಷ್ಟ. ಆದರೂ ಚಿಕಿತ್ಸೆ ಆದ ಹೆಂಗಸರಿಗೆ ರೆಂಬೆ ಬಗ್ಗಿಸುವ ಕೆಲಸ ತಪ್ಪಿಸಿ, ಕಣದಲ್ಲಿ ಹಣ್ಣು ಆರಿಸಲು ಕೂರಿಸಿದಿರಿ, ಕೂಲಿಯನ್ನೂ ಕಡಿಮೆ ಮಾಡಲಿಲ್ಲ.