ಇಲಿಗೋ, ಮನುಷ್ಯರಿಗೋ? ಅದನ್ನೂ ಬರೆಯಿರಿ

ಸಂಪಾದಕರೇ,

ಮಿದುಳು ಗೆಡ್ಡೆಗೆ ನೇರವಾಗಿ ಮುಟ್ಟುವ ನ್ಯಾನೊ (ಅತಿ ಸಣ್ಣ ಕಣಗಳ) ಮದ್ದಿನ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನನ್ನ ತಮ್ಮನಿಗೆ ಆಗಿದ್ದೂ ಮಿದುಳು ಗೆಡ್ಡೆಯೇ, ಗ್ಲಿಯೊಬ್ಲಾಸ್ಟೋಮಾ ಎಂಬ ಕ್ಯಾನ್ಸರ್. ಸಿಂಧನೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಜೇಬಲ್ಲಿ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮದ್ದಿನ ಡಬ್ಬಿ. ಖಾಲಿ ಹೊಟ್ಟೇಲಿ ನುಂಗಬೇಕು. ಕೊನೆಕೊನೆಗೆ ರೊಟ್ಟಿ ಸುಡುವ ವಾಸನೆಗೇ ವಾಂತಿ ಮಾಡುತ್ತಿದ್ದ.

ಬೇರೆ ಮದ್ದು ಇಲ್ವಾ ಎಂದು ಡಾಕ್ಟರನ್ನು ಕೇಳಿದ್ದೆ. ಮಿದುಳಿನ ರಕ್ತನಾಳದ ಗೋಡೆ ಬಹಳ ಬಿಗಿ, ಹೆಚ್ಚಿನ ಮದ್ದುಗಳನ್ನು ಒಳಗೆ ಬಿಡಲ್ಲ, ಟೆಮೊಜೊಲೊಮೈಡ್ ಅದನ್ನು ದಾಟುವ ಕೆಲವೇ ಮದ್ದುಗಳಲ್ಲಿ ಒಂದು ಎಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ ನಾನು. ಬಿಟ್ಟ ನೀರು ಹೊಲಕ್ಕೆ ಮುಟ್ಟದ ಕಥೆ ನನಗೆ ಬೇಗ ಅರ್ಥವಾಯಿತು.

ಗೆಡ್ಡೆಗೇ ನೇರವಾಗಿ ಮದ್ದು ಮುಟ್ಟಿಸುವ ಪ್ರಯತ್ನ ಹೊಸದೇನಲ್ಲ. ಗೆಡ್ಡೆ ತೆಗೆದ ಜಾಗದಲ್ಲೇ ಕಾರ್ಮಸ್ಟೀನ್ ಎಂಬ ಕ್ಯಾನ್ಸರ್ ಮದ್ದಿನ ಬಿಲ್ಲೆ ಇಟ್ಟು ಬರುವ ಚಿಕಿತ್ಸೆಗೆ ಅಮೆರಿಕ 1996ರಲ್ಲೇ ಒಪ್ಪಿಗೆ ಕೊಟ್ಟಿದೆ. ಆಯಸ್ಸು ಕೆಲವು ತಿಂಗಳು ಜಾಸ್ತಿ ಆಗಬಹುದು, ಅಷ್ಟೇ.

ಸುದ್ದಿ ಹಾಕಬೇಡಿ ಅಂತಲ್ಲ. ಪ್ರಯೋಗ ಇಲಿ ಮೇಲೋ, ಮನುಷ್ಯರ ಮೇಲೋ ಎಂದು ಮೊದಲ ಸಾಲಲ್ಲೇ ಹೇಳಿ. ತಮ್ಮ ಇದ್ದಾಗ ಕತ್ತರಿಸಿದ ಅಂಥದೊಂದು ಸುದ್ದಿಯನ್ನು ನಮ್ಮಮ್ಮ ಇನ್ನೂ ದೇವರ ಫೋಟೊ ಹಿಂದೆ ಇಟ್ಟಿದ್ದಾಳೆ.

– ಒಬ್ಬ ಓದುಗ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ